ಪಾಲೆದಡಿ ತೋಡಿನ ಒಂಬತ್ತು ಕೊಳಲುಗಳು

ಮಂಗಳೂರಿನ ತೋಡುಗಳು ಹಾಡತೊಡಗಿದ ಎರಡನೆಯ ಮಳೆಗಾಲದಲ್ಲಿ ವಾರಿಜಾ ಸುವರ್ಣ ಒಬ್ಬ ಹೆಂಗಸಿನ ಹೊಟ್ಟೆಪಾಡನ್ನು ಕಿತ್ತುಕೊಂಡಳು. ಕೆಟ್ಟ ಮನಸ್ಸಿನಿಂದಲ್ಲ. ಮೇಜಿನ ಮೇಲಿದ್ದ ಕಾಗದ ಸರಿಯಿತ್ತು, ಕಾಗದದಲ್ಲಿದ್ದ ನಿಯಮ ಸರಿಯಿತ್ತು. ಆ ನಿಯಮವನ್ನು ಬರೆದವಳೂ ಅವಳೇ.

ತೋಡು ಹಾಡುವುದು ಎಂದರೇನೆಂದು ಮೊದಲು ಹೇಳಿಬಿಡಬೇಕು.

ಈ ಊರಿನಲ್ಲಿ ಮಳೆ ಬಂದರೆ ಗುಡ್ಡದ ಮೇಲಿನ ನೀರೆಲ್ಲ ರಸ್ತೆಗಳನ್ನು ತೊಳೆದುಕೊಂಡು ಊರ ನಡುವಿನ ಕಾಲುವೆಗೆ, ಅಂದರೆ ತೋಡಿಗೆ ಇಳಿಯುತ್ತದೆ, ತೋಡಿನಿಂದ ಅಳಿವೆಗೆ, ಅಳಿವೆಯಿಂದ ಕಡಲಿಗೆ. ವಾಹನಗಳು ತೊಟ್ಟಿಕ್ಕಿಸಿದ ಎಣ್ಣೆ, ಸವೆದ ಟಯರಿನ ಪುಡಿ, ಗ್ಯಾರೇಜಿನ ಗ್ರೀಸು, ಹೋಟೆಲಿನ ಹಿಂಬಾಗಿಲ ಕೊಳೆ ಎಲ್ಲವೂ ಅದರ ಜೊತೆಗೆ ಹೋಗುತ್ತವೆ. ಬಹಳ ವರ್ಷ ಹಾಗೆ ಹೋದದ್ದರಿಂದ ಅಳಿವೆಯಲ್ಲಿ ಮರುವಾಯಿ ಎಂಬ ತಿನ್ನುವ ಚಿಪ್ಪು ಸಿಗುವುದೇ ನಿಂತುಹೋಗಿತ್ತು. ಚಿಪ್ಪು ಹೆಕ್ಕಿ ಬದುಕುತ್ತಿದ್ದವರು ಬುಟ್ಟಿಗಳನ್ನು ಅಟ್ಟಕ್ಕೆ ಹಾಕಿದ್ದರು.

ವಾರಿಜಾ ಜೀವಶಾಸ್ತ್ರ ಓದಿದವಳು. ಹುಳಿ ಬಂದ ತೆಂಗಿನಕಾಯಿ ನೀರಿನ ಮೇಲೆ ಕಟ್ಟುವ ಬಿಳಿಯ ಪೊರೆಯ ಬಗ್ಗೆ ಅವಳ ಸಂಶೋಧನೆ. ಕಣ್ಣಿಗೆ ಕಾಣದ ಜೀವಿಗಳು ನೂಲು ತೆಗೆದು ನೇಯ್ದ ಬಟ್ಟೆ ಅದು. ಹರಿದರೆ ತಾನಾಗಿ ಹೊಲಿದುಕೊಳ್ಳುತ್ತದೆ. ಒಂದು ದಿನ ಪ್ರಯೋಗಾಲಯದಲ್ಲಿ ಒಡೆದ ಮಣ್ಣಿನ ಕೊಳವೆಯೊಂದರ ಬಾಯಿಗೆ ಆ ಪೊರೆಯನ್ನು ಹಿಗ್ಗಿಸಿ ಕಟ್ಟಿ ನಲ್ಲಿಯ ಕೆಳಗೆ ಇಟ್ಟಳು. ನೀರು ಹರಿದಾಗ ಕೊಳವೆ ಗುಂಯ್ ಎಂದಿತು. ಒಂದು ತೊಟ್ಟು ಎಂಜಿನ್ ಎಣ್ಣೆ ಬಿಟ್ಟಳು. ದನಿ ತಗ್ಗಿತು, ದಪ್ಪವಾಯಿತು. ಎಣ್ಣೆಗೆ ಪೊರೆ ಭಾರವಾಗುತ್ತದೆ, ಸಾಬೂನಿಗೆ ಸಡಿಲವಾಗುತ್ತದೆ, ಶುದ್ಧ ನೀರಿಗೆ ಬಿಗಿಯುತ್ತದೆ. ಅವಳು ಆ ಮಧ್ಯಾಹ್ನ ಊಟ ಮರೆತು, ಕಣ್ಣು ಮುಚ್ಚಿಕೊಂಡು ನಲ್ಲಿ ತಿರುಗಿಸುತ್ತ ಕೂತಿದ್ದಳಂತೆ.

ಏಳು ವರ್ಷದ ನಂತರ ಊರಿನ ತೋಡುಗಳ ಗೋಡೆಯಲ್ಲಿ ಸಾವಿರದ ನೂರು ಮಣ್ಣಿನ ನಳಿಕೆಗಳು ಕೂತಿದ್ದವು. ಅವುಗಳನ್ನು ಸುಟ್ಟುಕೊಟ್ಟವರು ಅಲೋಶಿಯಸ್ ಲೋಬೊ, ಜೀವಮಾನವೆಲ್ಲ ಹೆಂಚಿನ ಕಾರ್ಖಾನೆಯ ಭಟ್ಟಿ ನೋಡಿಕೊಂಡ ಹಿರಿಯರು. ಜನ ಅವಕ್ಕೆ ಕೊಳಲು ಎಂದೇ ಕರೆದರು. ಪ್ರತಿ ತೋಡಿನ ಕೊನೆಗೆ ಒಂದು ಬಾಗಿಲು. ಕೊಳಲಿನ ದನಿ ಒಡೆದರೆ ಬಾಗಿಲು ತಾನೇ ತಿರುಗಿ ಕೊಳಕು ನೀರನ್ನು ಜೊಂಡು ಬೆಳೆಸಿದ ಹೊಂಡಗಳಿಗೆ ಕಳಿಸುತ್ತಿತ್ತು. ಜೊಂಡು ಅದನ್ನು ನಿಧಾನವಾಗಿ ಸೋಸುತ್ತಿತ್ತು. ದನಿ ತಿಳಿಯಾದಾಗ ಬಾಗಿಲು ಅಳಿವೆಯ ಕಡೆಗೆ ತೆರೆದುಕೊಳ್ಳುತ್ತಿತ್ತು.

ಆದರೆ ಜನರಿಗೆ ಬಾಗಿಲು ಮುಖ್ಯವಾಗಲಿಲ್ಲ. ಮಳೆ ಹಿಡಿದ ಅರ್ಧ ಗಂಟೆಗೆ ರಸ್ತೆಯ ಕೊಳೆ ತೊಳೆದುಹೋಗಿ, ಒಂದೊಂದೇ ತೋಡು ತಿಳಿಯಾಗುತ್ತ, ಗುಡ್ಡದ ತುದಿಯಿಂದ ಕೆಳಗಿನ ಬೀದಿಯವರೆಗೆ ದನಿ ಹಬ್ಬುತ್ತ ಬರುತ್ತಿತ್ತು. ಬಸ್ಸಿನೊಳಗೆ ಮಾತು ನಿಲ್ಲುತ್ತಿತ್ತು. ಅಡುಗೆಮನೆಯ ಕಿಟಕಿಯಲ್ಲಿ ನಿಂತ ಹೆಂಗಸರು ಒಲೆಯ ಮೇಲಿನ ಹಾಲು ಮರೆಯುತ್ತಿದ್ದರು. ಇಡೀ ಊರು ನಿದ್ದೆಯಲ್ಲಿ ಮಗ್ಗುಲಾದಂತೆ, ಏನೋ ನೆನಪಾಗಿ ಮತ್ತೆ ಮರೆತಂತೆ ಅನಿಸುತ್ತಿತ್ತು. ಮೊದಲ ವರ್ಷ ಗ್ಯಾರೇಜಿನವರು ತಾವಾಗಿಯೇ ಎಣ್ಣೆಗೆ ಡಬ್ಬ ಇಟ್ಟರು. ಎರಡನೆಯ ವರ್ಷ ಅಳಿವೆಗೆ ಮರುವಾಯಿ ಬಂತು.

ಪಾಲೆದಡಿ ತೋಡಿನ ಕೊನೆಯ ಒಂಬತ್ತು ಕೊಳಲುಗಳು ಮೂಕವಾದದ್ದು ಆ ವರ್ಷವೇ.

*

ಕೊಳಲುಗಳನ್ನು ನೋಡಿಕೊಳ್ಳುವ, ವಾರಿಜಾ ಮುಖ್ಯಸ್ಥೆಯಾಗಿದ್ದ ಮಳೆನೀರು ಕೇಂದ್ರ ಇದ್ದದ್ದು ಹಳೆಯ ಹೆಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ. ಗೋಡೆಯ ಮೇಲೆ ಊರಿನ ನಕ್ಷೆ, ಪ್ರತಿ ಕೊಳಲಿಗೊಂದು ಚುಕ್ಕಿ ದೀಪ. ಲೋಬೊ ಕೆಲಸವಿಲ್ಲದಿದ್ದರೂ ದಿನಾ ಬಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದರು.

"ಪಾಲೆದಡಿ ಕೇಳು," ಎಂದರು ಒಂದು ಮಧ್ಯಾಹ್ನ. "ಮೊದಲು ಕೆಮ್ಮಿದ ಹಾಗೆ ಆಯ್ತು. ಈಗ ಏನೂ ಇಲ್ಲ."

ವಾರಿಜಾ ಕೇಳಿದಳು. ಅಲ್ಲಿ ಮಳೆ ಇತ್ತು, ನೀರು ಇತ್ತು. ದನಿ ಇರಲಿಲ್ಲ. ನಕ್ಷೆಯಲ್ಲಿ ಒಂಬತ್ತು ಚುಕ್ಕಿಗಳು ಆರಿದ್ದವು.

"ಎರಡು ದಿನ ಬಿಟ್ಟರೆ ಪೊರೆ ಪುನಃ ಚಿಗುರ್ತದೆ ಅಂಕಲ್," ಎಂದಳು.

ಚಿಗುರಿತು. ವಾರದ ನಂತರ ಮತ್ತೆ ಮೂಕವಾಯಿತು. ಮತ್ತೆ ಚಿಗುರಿತು. ಮೂರನೆಯ ಸಲ ಮೂಕವಾಗಿ ಎರಡು ದಿನಕ್ಕೆ ಅವಳ ಕೋಣೆಗೆ ಪ್ರಭಾಶಂಕರ್ ಎಂಬವರು ಬಂದರು. ಪಾಲೆದಡಿ ತೋಡಿನ ದಂಡೆಯಲ್ಲಿ ನಾಲ್ಕು ಬ್ಲಾಕುಗಳ 'ಸಾಗರಸಂಪಿಗೆ' ಅಪಾರ್ಟ್‌ಮೆಂಟ್ ಇದೆ. ಅದರ ನಿವಾಸಿಗಳ ಸಂಘದ ಕಾರ್ಯದರ್ಶಿ. ಹಡಗಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು, ಇಸ್ತ್ರಿ ಮಾಡಿದ ಬಿಳಿ ಶರ್ಟು, ತಗ್ಗಿದ ದನಿ.

"ನಾನು ಜಗಳಕ್ಕೆ ಬಂದದ್ದಲ್ಲ ಮೇಡಂ," ಎಂದರು. "ಹೆಂಡತಿ ಹೋದ ಮೇಲೆ ಎರಡು ವರ್ಷ ನಾನು ಸರಿ ನಿದ್ದೆ ಮಾಡಿರಲಿಲ್ಲ. ನಿಮ್ಮ ತೋಡು ಹಾಡಿದ ಮೇಲೆ ಬಾಲ್ಕನಿಯ ಕುರ್ಚಿಯಲ್ಲೇ ಕಣ್ಣು ಮುಚ್ಚಿ ಹೋಗ್ತದೆ. ಈಗ ಪುನಃ ಇಲ್ಲ. ನಮ್ಮ ಪಕ್ಕದಲ್ಲಿ ಬಟ್ಟೆ ಒಗೆಯುವ ಜಾಗ ಉಂಟಲ್ಲ, ಹದಿನಾರು ಕಲ್ಲು. ಸೋಡಾ, ಬ್ಲೀಚು ಎಲ್ಲ ಅಲ್ಲಿಂದ ಬರುದು."

ಅವರು ಕೊಟ್ಟ ಅರ್ಜಿಗೆ ಅರವತ್ತನಾಲ್ಕು ಮನೆಯವರ ಸಹಿ ಇತ್ತು. ನಿಯಮ ಸ್ಪಷ್ಟವಿತ್ತು: ಕೊಳಲು ಮೂರು ಸಲ ಕೆಟ್ಟರೆ, ಅದರ ಮೇಲ್ಭಾಗದಲ್ಲಿ ಸಿಗುವ ಮೊದಲ ಉದ್ಯಮವನ್ನು ನಿಲ್ಲಿಸಬೇಕು. ಕೊಳಲಿನಿಂದ ಮೇಲಕ್ಕೆ ಹೋದರೆ ಸಿಗುವ ಮೊದಲ ಉದ್ಯಮ ಆ ಒಗೆಯುವ ಜಾಗ ನಡೆಸುವ ಕಲ್ಯಾಣಿಯ ಕಲ್ಲುಗಳೇ. ವಾರಿಜಾ ಸಹಿ ಹಾಕಿದಳು. ಟಪಾಲಿನಲ್ಲಿ ಕಳಿಸಬಾರದು, ತಾನೇ ಕೊಡಬೇಕು ಎಂದು ಕೊಡೆ ಹಿಡಿದು ಹೊರಟಳು.

*

ಕಲ್ಯಾಣಿಗೆ ಐವತ್ತರ ಹತ್ತಿರ ವಯಸ್ಸು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಕಲ್ಲಿನ ಎದುರು ನಿಂತು ಲಾಡ್ಜಿನ ಬೆಡ್‌ಶೀಟುಗಳನ್ನು ಬಡಿಯುತ್ತಿದ್ದಳು. ಅವಳ ಅತ್ತೆ ಬಡಿದ ಕಲ್ಲು, ಅತ್ತೆಯ ಅತ್ತೆ ಬಡಿದ ಕಲ್ಲು. ಮಳೆಯ ಕೆಳಗೆ ಇನ್ನೂ ಆರು ಜನ ಬಡಿಯುತ್ತಿದ್ದರು. ಹಿಂದಿನ ಶೆಡ್ಡಿನಲ್ಲಿ ಒಣಗಲು ಕಟ್ಟಿದ ಬಟ್ಟೆಗಳ ಕೆಳಗೆ ಹೊಟ್ಟು ಉರಿಸಿದ ಬೆಂಕಿಯ ಕಾವು ಇತ್ತು.

ಕಾಗದವನ್ನು ಅವಳು ಓದಲಿಲ್ಲ, ಕೈ ಒದ್ದೆ ಎಂದಳು. ವಾರಿಜಾ ಓದಿ ಹೇಳಿದಳು.

"ಮೂಕ ಆದದ್ದು ನನ್ನ ನೀರಿಗೆ ಅಲ್ಲ ಮೇಡಂ," ಎಂದಳು ಕಲ್ಯಾಣಿ. ಜೋರು ಮಾಡಲಿಲ್ಲ. "ನನ್ನ ಸಾಬೂನು ನೀರಿಗೆ ಅದು ಮೂಗಿನಲ್ಲಿ ಹಾಡ್ತದೆ. ಶೀತ ಆದವರ ಹಾಗೆ. ಆಗ ಕೆಳಗೆ ನಿಮ್ಮ ಬಾಗಿಲು ತಿರುಗುದು ಕೂಡ ಕೇಳ್ತದೆ, ಟಕ್ ಅಂತ. ನನ್ನ ನೀರು ಜೊಂಡಿನ ಹೊಂಡಕ್ಕೆ ಹೋಗ್ತದೆ. ದಿನಾ ಹತ್ತು ಗಂಟೆ ನಾನು ಅದನ್ನು ಕೇಳ್ತಾ ನಿಲ್ಲುದಲ್ವಾ? ನೀವು ದಿನಕ್ಕೆ ಎಷ್ಟು ಹೊತ್ತು ಕೇಳ್ತೀರಿ?"

"ಅಕ್ಕ, ದಾಖಲೆಯಲ್ಲಿ…"

"ದಾಖಲೆ ನಿಮ್ಮದು. ಕಿವಿ ನನ್ನದು."

ವಾರಿಜಾ ಕಾಗದ ಮಡಿಸಿದಳು. ಮಳೆಗಾಲ ಮುಗಿಯುವವರೆಗೆ ಮಾತ್ರ, ಆಮೇಲೆ ನೋಡುವ ಎಂದಳು. ಆ ಮಾತಿಗೆ ಅರ್ಥವಿಲ್ಲವೆಂದು ಹೇಳುವಾಗಲೇ ಅವಳಿಗೆ ಗೊತ್ತಿತ್ತು. ಲಾಡ್ಜುಗಳು ಎರಡು ಮೂರು ತಿಂಗಳು ಬೆಡ್‌ಶೀಟು ಒಗೆಯದೆ ಕಾಯುವುದಿಲ್ಲ.

ಕಲ್ಯಾಣಿ ಕೈಯಲ್ಲಿದ್ದ ಶೀಟನ್ನು ಪೂರ್ತಿ ಒಗೆದು, ಜಾಲಾಡಿಸಿ, ಬುಟ್ಟಿಗೆ ಹಾಕಿದಳು. ಆಮೇಲೆ ಉಳಿದವರಿಗೆ ತುಳುವಿನಲ್ಲಿ ಏನೋ ಹೇಳಿದಳು. ಒಬ್ಬೊಬ್ಬರಾಗಿ ಬಡಿಯುವುದನ್ನು ನಿಲ್ಲಿಸಿದರು.

*

ಮರುದಿನದಿಂದ ಆಟಿ ತಿಂಗಳ ಜಡಿಮಳೆ ಬಿಡದೆ ಒಂಬತ್ತು ದಿನ ಸುರಿಯಿತು. ಒಂಬತ್ತು ದಿನವೂ ಪಾಲೆದಡಿ ತೋಡು ಹಾಡಿತು.

ವಾರಿಜಾಳ ಮನೆ ಅಳಿವೆಯ ಬಳಿ. ಗಂಡ ದಯಾಕರ ಆಚೆ ದಡಕ್ಕೆ ಜನ ದಾಟಿಸುವ ದೋಣಿ ನಡೆಸುತ್ತಿದ್ದ. ಸಂಜೆ ಇಬ್ಬರೂ ಜಗಲಿಯಲ್ಲಿ ಕೂತರೆ ಬೂದು ಬಣ್ಣದ ನೀರು, ಬೂದು ಬಣ್ಣದ ಆಕಾಶ, ನಡುವೆ ಗೆರೆಯೇ ಇಲ್ಲ. ದೋಣಿಗಳು ಗಾಳಿಯಲ್ಲಿ ತೂಗುಹಾಕಿದಂತೆ ಕಾಣುತ್ತಿದ್ದವು. ಊರಿನ ಎಲ್ಲ ತೋಡುಗಳ ದನಿ ಒಂದಾಗಿ ಬಂದು ಅಲ್ಲಿ ತೀರಾ ತೆಳ್ಳಗಾಗುತ್ತಿತ್ತು. ಯಾರೋ ದೂರದಲ್ಲಿ ಹೆಸರು ಹಿಡಿದು ಕರೆಯುತ್ತಿದ್ದಾರೆ, ಯಾರ ಹೆಸರೆಂದು ಗೊತ್ತಾಗುವುದಿಲ್ಲ ಅನ್ನುವ ಹಾಗೆ.

"ನೀನು ಮಾಡಿದ್ದು ಸರಿ ಇತ್ತಲ್ಲ ಮಾರಾಯ್ತಿ. ತೋಡು ಹಾಡ್ತಾ ಉಂಟು," ಎಂದ ದಯಾಕರ.

"ಹೌದು."

"ಮತ್ತೆ ಮುಖ ಯಾಕೆ ಹಾಗೆ?"

"ಅವಳು ಕೈಯಲ್ಲಿದ್ದ ಶೀಟು ಒಗೆದು ಮುಗಿಸಿದಳು," ಎಂದಳು ವಾರಿಜಾ. "ಅರ್ಧಕ್ಕೆ ಬಿಟ್ಟಿದ್ದರೆ, ಬಾಯಿಗೆ ಬಂದ ಹಾಗೆ ಬೈದಿದ್ದರೆ ನಾನು ಬೇಗ ಮರೀತಿದ್ದೆ."

ಹತ್ತನೆಯ ದಿನ ಮಳೆ ಬಿಟ್ಟು ಎರಡು ದಿನ ಒಳ್ಳೆಯ ಬಿಸಿಲು ಬಂತು. ಮೂರನೆಯ ದಿನ ಬೆಳಿಗ್ಗೆ ಕಡಲ ಕಡೆಯಿಂದ ಕಪ್ಪಾಗಿ ಎದ್ದು ಬಂದ ಮಳೆ ಮಧ್ಯಾಹ್ನದವರೆಗೆ ಹೊಡೆಯಿತು.

ಸಂಜೆ ದಯಾಕರ ಬುಟ್ಟಿ ಹಿಡಿದುಕೊಂಡು ನೇರ ಕೇಂದ್ರಕ್ಕೇ ಬಂದ. ಅವನು ಹಾಗೆ ಬಂದವನಲ್ಲ. ಬುಟ್ಟಿಯನ್ನು ಮೇಜಿನ ಮೇಲೆ ಇಟ್ಟ. ಅದರ ತುಂಬ ಮರುವಾಯಿ, ಎಲ್ಲವೂ ಬಾಯಿ ಬಿಟ್ಟುಕೊಂಡು ಸತ್ತಿದ್ದವು.

"ಪಾಲೆದಡಿ ತೋಡು ಸೇರುವ ಜಾಗದಿಂದ ಸುರುವಾಗಿ ನಮ್ಮ ದೋಣಿ ಕಡವಿನವರೆಗೆ ಹೀಗೇ ಉಂಟು," ಎಂದ. "ಹೆಕ್ಕಲಿಕ್ಕೆ ಹೋದ ಹೆಂಗಸರು ನೀರಿನಲ್ಲಿ ಸುಮ್ಮನೆ ನಿಂತಿದ್ದಾರೆ."

ವಾರಿಜಾ ನಕ್ಷೆಯ ಕಡೆ ತಿರುಗಿದಳು. ಪಾಲೆದಡಿಯ ಒಂಬತ್ತು ಚುಕ್ಕಿ ಆರಿದ್ದವು. ಕಲ್ಲುಗಳ ಮೇಲೆ ಹನ್ನೆರಡು ದಿನದಿಂದ ಯಾರೂ ಬಟ್ಟೆ ಇಟ್ಟಿರಲಿಲ್ಲ.

"ವಿಷ ಬಂದಿದ್ದರೆ ಬಾಗಿಲು ತಿರುಗಬೇಕಿತ್ತು," ಎಂದಳು. "ಹೊಂಡಕ್ಕೆ ಹೋಗಬೇಕಿತ್ತು. ಅಳಿವೆಗೆ ಹೇಗೆ ಹೋಯ್ತು?"

ಲೋಬೊ ಹೆಡ್‌ಫೋನ್ ತೆಗೆದರು. "ದನಿ ಒಡೆದರೆ ಬಾಗಿಲು ತಿರುಗ್ತದೆ. ದನಿಯೇ ಇಲ್ಲದಿದ್ದರೆ?"

ದನಿ ಇಲ್ಲವೆಂದರೆ ನೀರಿಲ್ಲ, ತೋಡು ಒಣಗಿದೆ ಎಂದು ಅವಳು ಬಾಗಿಲಿಗೆ ಕಲಿಸಿದ್ದಳು. ಒಣ ತೋಡಿಗೆ ಬಾಗಿಲು ತಿರುಗಬೇಕಾಗಿಲ್ಲ; ಅಳಿವೆಯ ಕಡೆಗೇ ತೆರೆದಿರುತ್ತದೆ. ಪೊರೆಯ ಜೀವಿಗಳನ್ನೇ ಕೊಲ್ಲುವಂಥದ್ದು ನೀರಿನಲ್ಲಿ ಬಂದರೆ ಕೊಳಲು ಮೊದಲು ಕೆಮ್ಮುತ್ತದೆ, ಆಮೇಲೆ ಸಾಯುತ್ತದೆ. ಸತ್ತ ಕೂಡಲೇ ಬಾಗಿಲು, ನೀರು ನಿಂತಿತು ಎಂದುಕೊಂಡು, ವಿಷವನ್ನೆಲ್ಲ ಅಳಿವೆಗೆ ಬಿಡುತ್ತದೆ. ಮೂರು ಸಲ ಹೀಗೆ ಆಗಿತ್ತು. ಮರುವಾಯಿ ತಡೆಯಲಾರದೆ ಸತ್ತದ್ದು ಈ ನಾಲ್ಕನೆಯ ಸಲಕ್ಕೆ. ಅವಳು ಮೌನವನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ.

ಅವಳೇ ಹೋಗಿ ಪಾಲೆದಡಿಯ ಬಾಗಿಲನ್ನು ಕೈಯಿಂದ ತಿರುಗಿಸಿ ಬೀಗ ಹಾಕಿ ಬಂದಳು.

*

ಕಲ್ಯಾಣಿಯ ಮನೆ ಕಲ್ಲುಗಳ ಹಿಂದೆಯೇ ಇತ್ತು. ಬೆಳಿಗ್ಗೆ ವಾರಿಜಾ ಹೋದಾಗ ಅವಳು ಹೊಸ್ತಿಲಲ್ಲಿ ಕೂತು ಯಾರದೋ ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹಾಕುತ್ತಿದ್ದಳು. ಎರಡು ಲಾಡ್ಜಿನವರು ಯಂತ್ರದ ಲಾಂಡ್ರಿಗೆ ಹೋಗಿದ್ದರು. ಜೊತೆಗೆ ಒಗೆಯುತ್ತಿದ್ದ ಇಬ್ಬರು ಮೀನಿನ ಶೀತಲಗೃಹದಲ್ಲಿ ಕೆಲಸ ಹಿಡಿದಿದ್ದರು.

ವಾರಿಜಾ ಕೂತುಕೊಳ್ಳಲಿಲ್ಲ. "ನೀವು ಹೇಳಿದ್ದು ನಿಜ ಅಕ್ಕ. ನಿಮ್ಮ ನೀರು ಅಲ್ಲ. ತಪ್ಪು ನನ್ನದು."

ಕಲ್ಯಾಣಿ ನೂಲನ್ನು ಹಲ್ಲಿನಲ್ಲಿ ಕಡಿದಳು. "ಇದನ್ನು ಹೇಳಲಿಕ್ಕೆ ಬಂದದ್ದಾ?"

"ಅದನ್ನು ಹೇಳಲಿಕ್ಕೆ, ಮತ್ತೆ ನಿಮ್ಮ ಸಹಾಯ ಕೇಳಲಿಕ್ಕೆ. ಮರುವಾಯಿ ಸತ್ತು ಬಿದ್ದಿದೆ. ಎಲ್ಲಿಂದ ಬರ್ತದೆ ಅಂತ ನನಗೆ ಗೊತ್ತಾಗುದಿಲ್ಲ. ನೀರು ತಂದು ಪರೀಕ್ಷೆ ಮಾಡಿದರೆ ವಿಷ ಏನು ಅಂತ ಗೊತ್ತಾಗ್ತದೆ, ಆದರೆ ಈ ತೋಡಿಗೆ ನೂರಾರು ಪೈಪು ಉಂಟು. ನಿಮಗಿಂತ ಹೆಚ್ಚು ಇದನ್ನು ನೋಡಿದವರು ಯಾರೂ ಇಲ್ಲ."

ಕಲ್ಯಾಣಿ ಇನ್ನೊಂದು ಗುಂಡಿ ಹಾಕಿ ಮುಗಿಸಿದಳು. ಹೆಂಚಿನ ಮಾಡಿನ ಅಂಚಿನಿಂದ ನೀರು ಇಳಿಯುತ್ತಿತ್ತು. ಕೊನೆಗೆ ಕಲ್ಯಾಣಿ ಬಟ್ಟೆ ಬದಿಗಿಟ್ಟು ಎದ್ದಳು. "ನಿಮಗೋಸ್ಕರ ಅಲ್ಲ," ಎಂದಳು. "ಚಿಪ್ಪು ಹೆಕ್ಕುವವರಲ್ಲಿ ನನ್ನ ತಂಗಿಯೂ ಇದ್ದಾಳೆ."

ಇಬ್ಬರೂ ತೋಡಿಗೆ ಇಳಿದರು. ಜಿಟಿಜಿಟಿ ಮಳೆ. ಎರಡೂ ಬದಿಯ ಗೋಡೆಗಳು ಎತ್ತರವಾಗಿ, ಊರು ಎಲ್ಲೋ ಮೇಲೆ ತೇಲುತ್ತಿರುವಂತೆ, ತಾವು ಅದರ ಅಡಿಯಲ್ಲಿ ನಡೆಯುತ್ತಿರುವಂತೆ ವಾರಿಜಾಳಿಗೆ ಅನಿಸಿತು. ಇಷ್ಟು ವರ್ಷ ಅವಳು ಈ ನೀರನ್ನು ನಕ್ಷೆಯಲ್ಲಿ ಮಾತ್ರ ನೋಡಿದ್ದಳು. ಇಲ್ಲಿ ಅದಕ್ಕೆ ಮೈಯಿತ್ತು, ಬಿಸುಪಿತ್ತು. ಕಲ್ಯಾಣಿ ಒಂದೊಂದು ಪೈಪಿನ ಬಾಯಿಗೂ ಕೈಯೊಡ್ಡಿ, ಬೆರಳು ಉಜ್ಜಿ ನೋಡಿ ಹೇಳುತ್ತಿದ್ದಳು. "ಇದು ಅಡುಗೆಮನೆಯದ್ದು. ಇದು ಬರೇ ಮಾಡಿನ ನೀರು. ಇದರಲ್ಲಿ ಸಿಮೆಂಟು ಉಂಟು, ಯಾರೋ ಮನೆ ಕಟ್ತಿದ್ದಾರೆ."

ಅರ್ಧ ಮೈಲು ಮೇಲೆ ಹೋಗಿ ಏನೂ ಸಿಗದೆ ಮರಳಿದರು. ಒಗೆಯುವ ಜಾಗ ತಲುಪಿದಾಗ ಕಲ್ಯಾಣಿ ಮೇಲಿನ ಸಾಲಿನ ಕಲ್ಲಿನ ಮೇಲೆ ಕಾಲಿಟ್ಟು, ಜಾರಿ, ವಾರಿಜಾಳ ತೋಳು ಹಿಡಿದಳು.

"ಪಾಚಿ," ಎಂದಳು. "ಆಟಿಯಲ್ಲಿ ಹೀಗೇ. ಪ್ರತಿ ವರ್ಷ ಯಾರಾದರೂ ಬಿದ್ದು ಸೊಂಟ ಮುರಿದುಕೊಳ್ತಾರೆ. ಈ ವರ್ಷ ಮಾತ್ರ ಕೆಳಗಿನ ನಾಲ್ಕು ಕಲ್ಲಿಗೆ ಪಾಚಿಯೇ ಹಿಡಿಯಲಿಲ್ಲ. ಯಾರೂ ಬೀಳಲಿಲ್ಲ. ದೇವರು ಕಣ್ಣು ಬಿಟ್ಟ ಅಂತ ನಾನು…"

ಇಬ್ಬರೂ ಒಟ್ಟಿಗೆ ನೋಡಿದರು.

ಮೇಲಿನ ಹನ್ನೆರಡು ಕಲ್ಲುಗಳು ಮಖಮಲ್ಲಿನ ಹಾಗೆ ದಟ್ಟ ಹಸುರು. ಕೆಳಗಿನ ನಾಲ್ಕು, ಬೇಸಿಗೆಯಲ್ಲಿ ಇರುವಂತೆ, ಬೆತ್ತಲೆ ಕರಿಕಲ್ಲು. ಎರಡರ ನಡುವೆ ಗೋಡೆಯಿಂದ ಒಂದು ದಪ್ಪ ಪೈಪಿನ ಬಾಯಿ. ಅದರಿಂದ ಬೀಳುತ್ತಿದ್ದ ನೀರು ಸ್ಫಟಿಕದಂತೆ ತಿಳಿಯಾಗಿತ್ತು. ವಾಸನೆ ಇಲ್ಲ, ನೊರೆ ಇಲ್ಲ. ಕಲ್ಯಾಣಿ ಬೆರಳು ಉಜ್ಜಿ ನೋಡಿ ತಲೆಯಾಡಿಸಿದಳು, ಅವಳ ಕೈಗೂ ಏನೂ ಸಿಗಲಿಲ್ಲ.

ವಾರಿಜಾ ಪೈಪಿನ ದಾರಿ ಹಿಡಿದು ಕಣ್ಣು ಮೇಲೆತ್ತಿದಳು. ಗೋಡೆಯ ಆಚೆ ಸಾಗರಸಂಪಿಗೆಯ ನಾಲ್ಕು ಬ್ಲಾಕುಗಳು ಮಳೆಯಲ್ಲಿ ನಿಂತಿದ್ದವು. ಮಂಗಳೂರಿನಲ್ಲಿ ಆಟಿಯ ಹೊತ್ತಿಗೆ ಯಾವ ಗೋಡೆಯಾದರೂ ಕಪ್ಪಾಗುತ್ತದೆ, ಹಸುರಾಗುತ್ತದೆ. ಇವು ನಾಲ್ಕೂ ಆಗ ತಾನೇ ಕರೆದ ಹಾಲಿನಷ್ಟು ಬೆಳ್ಳಗಿದ್ದವು. ಕೊನೆಯ ಬ್ಲಾಕಿಗೆ ಕಟ್ಟಿದ ಬಿದಿರಿನ ಅಟ್ಟಣೆಯನ್ನು ಇನ್ನೂ ಬಿಚ್ಚಿರಲಿಲ್ಲ.

*

"ಹೌದು, ಪಾಚಿ ಹಿಡಿಯದ ಬಣ್ಣ," ಎಂದರು ಪ್ರಭಾಶಂಕರ್. "ಹತ್ತು ವರ್ಷ ಗೋಡೆ ಬೆಳ್ಳಗೆ ಇರ್ತದೆ ಅಂದರು. ಮಳೆಗೆ ಮೊದಲು ಮುಗಿಯಬೇಕಿತ್ತು, ಕೆಲಸದವರು ತಡ ಮಾಡಿದರು. ಬಿಸಿಲು ಬಂದಾಗಲೆಲ್ಲ ಒಂದೊಂದು ಬ್ಲಾಕ್ ಹಚ್ಚಿದ್ದು."

ವಾರಿಜಾ ತಾರೀಕುಗಳನ್ನು ಕೇಳಿದಳು. ಅವರು ಪುಸ್ತಕ ತೆಗೆದು ಓದಿದರು. ಒಂದೊಂದು ಬ್ಲಾಕಿಗೆ ಬಣ್ಣ ಹಚ್ಚಿದ ನಂತರದ ಮೊದಲ ಮಳೆಗೆ ಕೊಳಲುಗಳು ಮೂಕವಾಗಿದ್ದವು. ನಡುವೆ ಬಿಡದೆ ಮಳೆ ಹೊಡೆದ ಒಂಬತ್ತು ದಿನ ಬಣ್ಣದವರು ಕೆಲಸಕ್ಕೆ ಬಂದಿರಲಿಲ್ಲ, ಕಲ್ಯಾಣಿಯ ಕಲ್ಲು ಮುಚ್ಚಿದ್ದೂ ಆಗಲೇ.

"ಪಾಚಿ ಕೊಲ್ಲುವ ಮದ್ದು ಅದರಲ್ಲಿ ಉಂಟು ಸಾರ್," ಎಂದಳು. "ಮಳೆಗೆ ಅದು ಸ್ವಲ್ಪ ಸ್ವಲ್ಪವೇ ಇಳೀತದೆ, ಹೊಸ ಬಣ್ಣದಿಂದ ಜಾಸ್ತಿ. ನನ್ನ ಕೊಳಲಿನ ಪೊರೆಯೂ ಒಂದು ಜೀವವೇ. ಅದನ್ನೂ ಕೊಲ್ತದೆ. ಮರುವಾಯಿಯನ್ನೂ."

ಅವರು ಬಾಲ್ಕನಿಯ ಕುರ್ಚಿಯನ್ನು ನೋಡಿದರು. ಆಮೇಲೆ ಬಾಗಿಲ ಬಳಿ ಒದ್ದೆ ಸೀರೆಯಲ್ಲಿ ನಿಂತಿದ್ದ ಕಲ್ಯಾಣಿಯನ್ನು ನೋಡಿದರು. ಪಕ್ಕದ ಗೋಡೆಯ ಆಚೆ ಇಪ್ಪತ್ತು ವರ್ಷದಿಂದ ಇದ್ದ ಹೆಂಗಸು. ಅವಳ ಮುಖವನ್ನು ಅವರು ಹತ್ತಿರದಿಂದ ಕಂಡದ್ದು ಅಂದೇ.

"ಬಣ್ಣ ಆರಿಸಿದ್ದು ನಾನು," ಎಂದರು. "ಅರ್ಜಿ ಬರೆದದ್ದೂ ನಾನೇ." ಕಲ್ಯಾಣಿಗೆ ಒಂದು ಕುರ್ಚಿ ತಂದಿಟ್ಟರು. ಅವಳು ಕೂರಲಿಲ್ಲ, ಸೀರೆ ಚಂಡಿ ಉಂಟು ಎಂದಳು.

ಭಾನುವಾರ ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ ಎಲ್ಲರೂ ಸೇರಿದರು. ವಾರಿಜಾ ಮೊದಲು ತನ್ನ ಬಗ್ಗೆ ಹೇಳಿದಳು: ವ್ಯಾಪಾರಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಮನೆಗಳನ್ನು ಬಿಟ್ಟ ನಿಯಮ ತನ್ನದು, ಮೌನವನ್ನು ಒಣ ತೋಡು ಎಂದುಕೊಂಡ ಬಾಗಿಲು ತನ್ನದು. ಮೇಲಧಿಕಾರಿಗಳಿಗೆ ಹೀಗೆಯೇ ಬರೆದು ಕೊಟ್ಟಿದ್ದೇನೆ ಎಂದಳು. ಆಮೇಲೆ ಬಣ್ಣದ ವಿಷಯ ಹೇಳಿದಳು. ಸಭೆಯಲ್ಲಿ ಗದ್ದಲವಾಯಿತು.

"ಬಣ್ಣ ಕೆರೆದು ತೆಗೆದರೆ ಆಯ್ತಲ್ಲ?" ಎಂದು ಒಬ್ಬರು ಕೇಳಿದರು.

"ಕೆರೆದ ಪುಡಿ ಇನ್ನೂ ಕೆಟ್ಟದ್ದು. ಬಿಟ್ಟರೂ ನಾಲ್ಕೈದು ಮಳೆಗಾಲ ಇಳೀತಾ ಇರ್ತದೆ. ಅಷ್ಟು ವರ್ಷ ನಿಮ್ಮ ಗೋಡೆಯ ನೀರು ತೋಡಿಗೆ ಹೋಗುವ ಮೊದಲು ಸೋಸಬೇಕು. ಒಂದು ಹೊಂಡ ಬೇಕು. ಕೆಳಗೆ ತೆಂಗಿನ ಗೆರಟೆ ಸುಟ್ಟ ಇದ್ದಿಲು, ಅದು ಈ ಮದ್ದನ್ನು ಹಿಡಿದುಕೊಳ್ತದೆ. ಮೇಲೆ ಜೊಂಡು."

"ಹೊಂಡಕ್ಕೆ ಜಾಗ?"

ಜಾಗ ಇದ್ದದ್ದು ಒಂದೇ: ನಾಲ್ಕು ಬ್ಲಾಕುಗಳ ನಡುವಿನ ಹುಲ್ಲುಹಾಸು. ಮನೆ ಕೊಳ್ಳುವಾಗ ಎಲ್ಲರೂ ಮೊದಲು ನೋಡಿದ್ದು ಅದನ್ನು. ಒಬ್ಬ ಹೆಂಗಸು ಅತ್ತೇಬಿಟ್ಟಳು. ಸೊಳ್ಳೆ ಆಗುತ್ತದೆ ಎಂದರು, ಹಾವು ಬರುತ್ತದೆ ಎಂದರು. ಪ್ರಭಾಶಂಕರ್ ಎದ್ದು ಕೈಯೆತ್ತಿದರು, ಮತ್ತೆ ಕೂರದೆ ಹಾಗೆಯೇ ನಿಂತರು. ಮತ ಎಣಿಸಿ ಮುಗಿಯುವವರೆಗೂ ಕೈ ಇಳಿಸಲಿಲ್ಲ. ಅರವತ್ತನಾಲ್ಕರಲ್ಲಿ ಮೂವತ್ತೇಳು ಕೈಗಳು ಎದ್ದವು.

ಮೇಲಧಿಕಾರಿಗಳಿಗೆ ಬರೆದು ಕೊಟ್ಟ ಕಾಗದಕ್ಕೆ ವಾರಿಜಾ ಬೆಲೆ ತೆರಬೇಕಾಯಿತು. ಕೇಂದ್ರದ ಮುಖ್ಯಸ್ಥೆಯ ಸ್ಥಾನ ಹೋಯಿತು. ಪೊರೆ ಬೆಳೆಸುವ ಕೋಣೆಯ ಕೆಲಸ ಉಳಿಯಿತು. ಆ ನಿಯಮವನ್ನು ಹೊಡೆದುಹಾಕಿದರು. ಸಾವಿರದ ನೂರು ಕೊಳಲುಗಳ ಪಕ್ಕದಲ್ಲೂ ನೀರಿನ ಎತ್ತರ ಅಳೆಯುವ ಒಂದು ಬೆಂಡಿನ ಉಂಡೆ ಬಂತು. ನೀರಿದ್ದೂ ದನಿ ಇಲ್ಲದಿದ್ದರೆ ಇನ್ನು ಮುಂದೆ ಬಾಗಿಲು ಹೊಂಡದ ಕಡೆಗೆ ತಿರುಗುತ್ತದೆ. ಅದನ್ನು ಜೋಡಿಸಿದವರು ಲೋಬೊ. "ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಸಂಕಟ," ಎಂದು ಗೊಣಗುತ್ತಲೇ ಜೋಡಿಸಿದರು. ಅಳಿವೆಯಲ್ಲಿ ಸತ್ತ ಮರುವಾಯಿ ಮಾತ್ರ ಆ ವರ್ಷ ಮತ್ತೆ ಹುಟ್ಟಲಿಲ್ಲ. ಚಿಪ್ಪು ಹೆಕ್ಕುವವರು ಕಾಯಬೇಕೆಂದು ದಯಾಕರನೇ ಮನೆಮನೆಗೆ ಹೋಗಿ ಹೇಳಿದ. ಕೇಳಿದವರಲ್ಲಿ ಕೆಲವರು ಅವನ ಮುಖಕ್ಕೇ ಬಾಗಿಲು ಹಾಕಿದರು.

*

ಆಟಿ ಕಳೆದು ಬಂದ ಸೋಣ ತಿಂಗಳ ಎಳೆಬಿಸಿಲಿನ ಒಂದು ಬೆಳಿಗ್ಗೆ ವಾರಿಜಾ ಪಾಲೆದಡಿಗೆ ಹೋದಳು. ಆದೇಶ ಹಿಂದಕ್ಕೆ ಪಡೆದ ಕಾಗದವನ್ನು ತಲುಪಿಸಿ ಆಗಲೇ ಎರಡು ವಾರವಾಗಿತ್ತು. ಈ ಸಲ ಅವಳ ಕೈಯಲ್ಲಿ ಕಾಗದ ಇರಲಿಲ್ಲ.

ಹದಿನಾರು ಕಲ್ಲುಗಳಲ್ಲಿ ಐದರ ಎದುರು ಮಾತ್ರ ಜನರಿದ್ದರು. ಹೋದ ಎರಡು ಲಾಡ್ಜುಗಳಲ್ಲಿ ಒಂದು ಮರಳಿತ್ತು. ಸಾಗರಸಂಪಿಗೆಯ ಕೆಲವು ಮನೆಯವರು ಬಟ್ಟೆ ಕೊಡುತ್ತೇವೆಂದು ಬಂದಿದ್ದರಂತೆ. ಕಲ್ಯಾಣಿ ಇನ್ನೂ ಉತ್ತರ ಹೇಳಿರಲಿಲ್ಲ. ಕೇಂದ್ರದಲ್ಲಿ ತೋಡು ಕೇಳುವ ಕೆಲಸಕ್ಕೆ ಬರುತ್ತೀರಾ ಎಂದು ವಾರಿಜಾ ಹಿಂದೊಮ್ಮೆ ಕೇಳಿದಾಗ, "ನನಗೆ ಕೆಲಸ ಇಲ್ಲ ಅಂತ ಯಾರು ಹೇಳಿದ್ದು?" ಎಂದಿದ್ದಳು.

ವಾರಿಜಾ ಸ್ವಲ್ಪ ದೂರದಲ್ಲಿ ನಿಂತಳು. ಕಲ್ಯಾಣಿ ದೊಡ್ಡದೊಂದು ಡಬಲ್ ಬೆಡ್‌ಶೀಟನ್ನು ಜಾಲಾಡಿಸಿ ನೀರಿನಿಂದ ಎತ್ತಿದಳು, ಅವಳನ್ನು ನೋಡಿದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

"ಸುಮ್ಮನೆ ನಿಂತು ಎಂತ ಮಾಡುದು?" ಎಂದಳು ಕೊನೆಗೆ. "ಆ ತುದಿ ಹಿಡೀರಿ."

ವಾರಿಜಾ ಚಪ್ಪಲಿ ಬಿಟ್ಟು ಇಳಿದಳು. ಒದ್ದೆ ಬಟ್ಟೆ ಅವಳು ಎಣಿಸಿದ್ದಕ್ಕಿಂತ ಬಹಳ ಭಾರವಿತ್ತು. ಇಬ್ಬರೂ ಎದುರುಬದುರು ನಿಂತು ಹಿಂಡತೊಡಗಿದರು. ಎಷ್ಟು ತಿರುಗಿಸಿದರೂ ಶೀಟು ನಡುವಿನಲ್ಲಿ ಸಡಿಲವಾಗಿ ಉರುಳುತ್ತಿತ್ತೇ ಹೊರತು ಹುರಿಗೊಳ್ಳಲಿಲ್ಲ.

"ಅಯ್ಯೋ ಮಾರಾಯ್ತಿ," ಎಂದಳು ಕಲ್ಯಾಣಿ. ಅವಳು ವಾರಿಜಾಳನ್ನು ನೀವು ಎನ್ನದೆ ಮಾತಾಡಿಸಿದ್ದು ಅದೇ ಮೊದಲು. "ನಾನು ತಿರುಗಿಸಿದ ಕಡೆಗೇ ನೀನೂ ತಿರುಗಿಸಿದರೆ ನೀರು ಹೋಗುದು ಹೇಗೆ?"

ವಾರಿಜಾ ಕೈ ಬದಲಿಸಿ ಆಚೆ ಕಡೆಗೆ ತಿರುಗಿಸಿದಳು. ಶೀಟು ಬಿಗಿದು ಹಗ್ಗವಾಯಿತು, ಇಬ್ಬರ ಮೊಣಕೈಗಳವರೆಗೆ ಎಳೆಯಿತು. ನೀರು ಧೋ ಎಂದು ಅವರಿಬ್ಬರ ಕಾಲ ಮೇಲೆ ಸುರಿಯಿತು.